ಹಳೇ ಪಾಲಿಸಿಯ ಫೈಲು ಯಾರ ಕಪಾಟಿನಲ್ಲಿದೆ?

ವಿಮಾ ಪಾಲಿಸಿಗೆ ಆಯಸ್ಸು ಎಷ್ಟು? ಒಂದು ವರ್ಷ ಅಂತೀರಿ. ಬೈಕಿನ ಇನ್ಶೂರೆನ್ಸ್ ರಿನ್ಯೂ ಆಯ್ತು ಅಂದ್ರೆ ಹಳೇ ಕಾಗದ ರದ್ದಿಗೆ. ಆದರೆ 2019ರಲ್ಲಿ ಆದ ಅಪಘಾತದ ತೀರ್ಪು ಈ ವರ್ಷ ಬಂದರೂ ದುಡ್ಡು ಕಟ್ಟಬೇಕಾದದ್ದು 2019ರ ಪಾಲಿಸಿಯೇ. ಹೊಣೆಗಾರಿಕೆ ವಿಮೆಯ ಗುಟ್ಟು ಇಷ್ಟೇ: ಅವಧಿ ಮುಗಿಯುತ್ತದೆ, ಮಾತು ಮುಗಿಯುವುದಿಲ್ಲ.

ಈ ಸಣ್ಣ ಸಂಗತಿಯಿಂದ ಅಮೆರಿಕದಲ್ಲಿ ಎಷ್ಟೋ ಎಕರೆ ವಿಷದ ಮಣ್ಣು ಶುದ್ಧವಾಗಿದೆ. 1980ರಲ್ಲಿ ಅಲ್ಲಿ ‘ಸೂಪರ್‌ಫಂಡ್’ ಕಾಯ್ದೆ ಬಂತು. ಹಿಂದೆಂದೋ ನೆಲ ಕೆಡಿಸಿದವರೂ ಈಗ ಖರ್ಚು ಕೊಡಬೇಕು ಎಂದಿತು. ಕಂಪನಿಗಳು ಗಾಬರಿಯಾಗಿ ಗೋದಾಮು ಜಾಲಾಡಿದವು. ಬೇಕಾದದ್ದು ಹೊಸ ಪಾಲಿಸಿ ಅಲ್ಲ, ಹಳೆಯದು. ಯಾಕೆಂದರೆ 1986ರ ಹೊತ್ತಿಗೆ ವಿಮೆಯವರು ಮಾಲಿನ್ಯವನ್ನು ಪೂರ್ತಿ ಹೊರಗಿಡುವ ಷರತ್ತು ಸೇರಿಸಿದ್ದರು. ಅದಕ್ಕೂ ಹಿಂದಿನ ಕಾಗದವೇ ಬಂಗಾರ. ಕಳೆದುಹೋದ ಪಾಲಿಸಿಯನ್ನು ಚೆಕ್ ಪುಸ್ತಕದ ಅಡಿಹಾಳೆ, ಲೆಡ್ಜರ್, ಆಡಳಿತ ಮಂಡಳಿಯ ನಡಾವಳಿಗಳಿಂದ ಹುಡುಕಿ ತೆಗೆಯುವವರೂ ಹುಟ್ಟಿಕೊಂಡರು. ಈ ಕಸುಬಿಗೆ ‘ಇನ್ಶೂರೆನ್ಸ್ ಆರ್ಕಿಯಾಲಜಿ’ ಎಂದೇ ಹೆಸರು.

ಮಾಂಟ್ರೋಸ್ ಎಂಬ ಕಂಪನಿ ಕ್ಯಾಲಿಫೋರ್ನಿಯಾದ ಟೊರೆನ್ಸ್‌ನಲ್ಲಿ 1947ರಿಂದ 1982ರವರೆಗೆ ಡಿಡಿಟಿ ತಯಾರಿಸಿತು. ವಿಷ ನಿಧಾನಕ್ಕೆ ಇಳಿಯುವಂಥದ್ದು, ಹಾಗಾದರೆ ಹಾನಿ ಯಾವ ವರ್ಷದ್ದು? 1995ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು: ಹಾನಿ ನಡೆಯುತ್ತಲೇ ಇದ್ದ ಪ್ರತಿ ವರ್ಷದ ಪಾಲಿಸಿಯೂ ಹೊಣೆ ಹೊರಬೇಕು.

ನಾನು ಸವಣೂರಿನವನು, ಹೊಟ್ಟೆಪಾಡಿಗೆ ಬೆಂಗಳೂರಿನಲ್ಲಿ ಇನ್ಶೂರೆನ್ಸ್ ಕ್ಲೈಮ್‌ಗಳ ಕೆಲಸ. ಈ ತೀರ್ಪು ಓದಿದಾಗ ತಲೆಗೆ ಬಂದದ್ದು ಕ್ಯಾಲಿಫೋರ್ನಿಯಾ ಅಲ್ಲ, ನಮ್ಮ ಗೇರು ಗುಡ್ಡಗಳು.

ಕಥೆ ಗೊತ್ತಿದ್ದದ್ದೇ. 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಗಡಿಯ ಈಚೆ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ನಮ್ಮ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೂ ಅದೇ ಔಷಧ. ಪತ್ರಕರ್ತ ಶ್ರೀ ಪಡ್ರೆ 1979ರಲ್ಲೇ ಎಚ್ಚರಿಸಿದ್ದರು. ಪಡ್ರೆ ಗ್ರಾಮದಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ರೋಗಿಗಳ ಲೆಕ್ಕ ಬರೆದಿಟ್ಟರು. ಸುಪ್ರೀಂ ಕೋರ್ಟ್ ತಡೆ ಬಂದದ್ದು 2011ರ ಮೇ 13ಕ್ಕೆ. ಸವಣೂರಿನಿಂದ ಹೊಳೆ ದಾಟಿದರೆ ಸಿಗುವ ಕೊಯಿಲದಲ್ಲಿ ಸಂತ್ರಸ್ತ ಮಕ್ಕಳ ಪಾಲನಾ ಕೇಂದ್ರವಿದೆ.

2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಕೇರಳಕ್ಕೆ ಹೇಳಿತು: ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ. ಆ ಹಣವನ್ನು ತಯಾರಕರಿಂದ ವಸೂಲು ಮಾಡುವ ದಾರಿಯನ್ನೂ ತೆರೆದಿಟ್ಟಿತು. ಅಲ್ಲಿಗೆ ಮನುಷ್ಯರ ಲೆಕ್ಕ. ನೆಲದ ಲೆಕ್ಕ ಬಾಕಿ. ಪುತ್ತೂರು ಗಡಿಗೆ ತಾಗಿದ ಮಿಂಚಿನಪದವಿನಲ್ಲಿ ಉಳಿದ ಎಂಡೋಸಲ್ಫಾನನ್ನು ಬಾವಿಗೆ ಸುರಿದು ಮುಚ್ಚಿದರೆಂಬ ಆರೋಪ ಹಸಿರು ನ್ಯಾಯಮಂಡಳಿಯವರೆಗೆ ಹೋಗಿದೆ.

ಇನ್ನು ನನ್ನ ಕಸುಬಿನ ಕಣ್ಣಿಗೆ ಬಿದ್ದದ್ದು. 1973ರ ಜನವರಿ 1ಕ್ಕೆ ಭಾರತದ ಜನರಲ್ ಇನ್ಶೂರೆನ್ಸ್ ರಾಷ್ಟ್ರೀಕರಣವಾಯಿತು. 107 ಕಂಪನಿಗಳು ನಾಲ್ಕಾದವು: ನ್ಯೂ ಇಂಡಿಯಾ, ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ. ಖಾಸಗಿಯವರು ಮರಳಿ ಬಂದದ್ದು 2000ದಲ್ಲಿ. ಅಂದರೆ ಹೆಲಿಕಾಪ್ಟರ್ ಹಾರಿದ ವರ್ಷಗಳೂ ಈ ನಾಲ್ವರ ಏಕಸ್ವಾಮ್ಯದ ವರ್ಷಗಳೂ ಹೆಚ್ಚುಕಡಿಮೆ ಒಂದೇ. ಆಗ ನಿಗಮವಾಗಲಿ, ತಯಾರಕರಾಗಲಿ, ಹೆಲಿಕಾಪ್ಟರ್‌ನವರಾಗಲಿ ಇಲ್ಲಿ ಹೊಣೆಗಾರಿಕೆ ವಿಮೆ ಮಾಡಿಸಿದ್ದರೆ, ಆ ಕಾಗದ ಹುಟ್ಟಿದ್ದು ಈ ನಾಲ್ಕು ಮನೆಗಳಲ್ಲೊಂದರಲ್ಲಿ. ಅಮೆರಿಕದವರು ಕಡಲಲ್ಲಿ ಸೂಜಿ ಹುಡುಕಿದರು, ನಮಗೆ ನಾಲ್ಕೇ ಕಪಾಟು.

ಕೂಡಲೇ ಖುಷಿಪಡಬೇಡಿ. ನಮ್ಮಲ್ಲಿ ಮಾರುವ ಬಹುಪಾಲು ಪಬ್ಲಿಕ್ ಲಯಬಿಲಿಟಿ ಪಾಲಿಸಿಗಳು ಕ್ಲೈಮ್ ಬಂದ ವರ್ಷವನ್ನು ನೋಡುತ್ತವೆ, ಹಾನಿ ಆದ ವರ್ಷವನ್ನಲ್ಲ. ಭೋಪಾಲದ ಪಾಠದಿಂದ ಬಂದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯೂ ಅನಿಲ ಸೋರಿಕೆಯಂಥ ಅಪಘಾತವನ್ನೇ ಮನಸ್ಸಿನಲ್ಲಿಟ್ಟು ಬರೆದದ್ದು. ಸಾವಿಗೆ ಅದು ಗೊತ್ತುಮಾಡಿದ ಪರಿಹಾರ 25,000 ರೂಪಾಯಿ. ಅರ್ಜಿ ಐದು ವರ್ಷದೊಳಗೆ ಬರಬೇಕು. ಎರಡು ದಶಕ ಹನಿಹನಿಯಾಗಿ ಬಿದ್ದ ವಿಷಕ್ಕೆ ಯಾವ ತಾರೀಕಿನಿಂದ ಐದು ವರ್ಷ ಎಣಿಸುವುದು? ಸಾಲದ್ದಕ್ಕೆ, ಬೇರೆ ನಿಧಿ ಇಟ್ಟುಕೊಂಡರೆ ಸರ್ಕಾರಿ ನಿಗಮಗಳಿಗೆ ವಿಮೆಯಿಂದಲೇ ವಿನಾಯಿತಿ ಕೊಡುವ ಅವಕಾಶವೂ ಅದರಲ್ಲಿದೆ.

ಇನ್ನೊಂದು ಪ್ರಶ್ನೆ ನೀವೇ ಕೇಳುತ್ತೀರಿ. ಸಿಂಪಡಿಸಿದ್ದು ಸರ್ಕಾರಿ ನಿಗಮ, ತಯಾರಕರಲ್ಲಿ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಕೂಡ ಸರ್ಕಾರದ್ದು, ವಿಮೆಯವರೂ ಸರ್ಕಾರದವರು. ಬಲಗೈ ಜೇಬಿನಿಂದ ಎಡಗೈ ಜೇಬಿಗೆ ಹಾಕಿದಂತಲ್ಲವೇ? ಪೂರ್ತಿ ಹಾಗಲ್ಲ. ತಯಾರಕರಲ್ಲಿ ಖಾಸಗಿಯವರೂ ಇದ್ದರು. ಜೊತೆಗೆ, ಬಜೆಟ್ಟಿನಿಂದ ಬರುವ ದುಡ್ಡು ದಯೆ, ಪಾಲಿಸಿಯಿಂದ ಬರುವುದು ಸಾಲದ ತೀರುವಳಿ. ದಯೆಯನ್ನು ಮುಂದಿನ ವರ್ಷ ಕಡಿತ ಮಾಡಬಹುದು, ಸಾಲವನ್ನು ಹಾಗೆ ಮಾಡಲಾಗದು.

ಈ ಪ್ರಶ್ನೆಗೆ ಈಗ ಹೊಸ ಜೀವ ಬಂದಿದೆ. 2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಯ ನಿಯಮಗಳನ್ನು ಹೊರಡಿಸಿತು. ನೆಲ ಕೆಡಿಸಿದವರನ್ನು ಗುರುತಿಸಬೇಕು, ಶುದ್ಧೀಕರಣದ ಖರ್ಚು ಅವರದ್ದೇ. 1980ರಲ್ಲಿ ಅಮೆರಿಕದವರು ನಿಂತ ಹೊಸ್ತಿಲಿಗೆ ನಾವೀಗ ಬಂದಿದ್ದೇವೆ. ಅಲ್ಲಿ ಮುಂದಿನ ಹೆಜ್ಜೆ ಗೋದಾಮಿನ ಕಡೆಗಿತ್ತು.

ನಮ್ಮ ಕಚೇರಿಗಳಲ್ಲಿ ಹಳೇ ಫೈಲುಗಳನ್ನು ಆಗಾಗ ನಾಶ ಮಾಡುತ್ತಾರೆ. ಬೆಂಕಿಗೆ ಹೋದ ಪಾಲಿಸಿ ಯಾವ ಕೋರ್ಟಿನಲ್ಲೂ ಮಾತಾಡದು. ಎರಡೂ ನಿಗಮಗಳು, ನಾಲ್ಕೂ ವಿಮಾ ಕಂಪನಿಗಳು ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಬರುತ್ತವೆ. ಅರ್ಜಿ ಶುಲ್ಕ 10 ರೂಪಾಯಿ. ಕೇಳಬೇಕಾದದ್ದು ಒಂದೇ ವಾಕ್ಯ: 1975ರಿಂದ 2000ದವರೆಗೆ ಈ ತೋಟಗಳಿಗೆ, ಈ ಸಿಂಪಡಣೆಗೆ ಯಾವ ಹೊಣೆಗಾರಿಕೆ ವಿಮೆ ಇತ್ತು, ಆ ದಾಖಲೆ ಎಲ್ಲಿದೆ? ‘ಇರಲೇ ಇಲ್ಲ’ ಎಂಬ ಉತ್ತರ ಬಂದರೂ ಅದು ಚರಿತ್ರೆಯೇ. ಅಷ್ಟು ವರ್ಷ ನಮ್ಮ ತಲೆಯ ಮೇಲೆ ಹಾರಿದವರಿಗೆ, ಕೆಳಗಿನವರ ಲೆಕ್ಕಕ್ಕೆ ಒಂದು ಕಾಗದವೂ ಬೇಕೆನಿಸಲಿಲ್ಲ ಎಂಬ ಚರಿತ್ರೆ.