ಗಡಿಯಾರದ ಮೇಜಿನಿಂದ ಬಂದ ಗಾಳದ ರೀಲು

ಬ್ಯಾಸ್ ಮೀನನ್ನು ಗಾಳದಿಂದ ಹಿಡಿಯುವ ಸಲಕರಣೆಗಳ ಇತಿಹಾಸವನ್ನು ಅಮೆರಿಕದಲ್ಲಿ ಸಾಮಾನ್ಯವಾಗಿ 20ನೆಯ ಶತಮಾನದ ಸ್ಪರ್ಧೆಗಳಿಂದ, ಕಂಪನಿಗಳ ಪೈಪೋಟಿಯಿಂದ ಆರಂಭಿಸುವ ರೂಢಿಯಿದೆ. ಆದರೆ ಆ ಸಲಕರಣೆಗಳ ಜೀವಾಳವಾದ ರೀಲು, ಅಂದರೆ ಕೋಲಿನ ಹಿಡಿಯ ಬಳಿ ಕೂತು ದಾರವನ್ನು ಬಿಡುವ ಮತ್ತು ಸುತ್ತಿಕೊಳ್ಳುವ ಪುಟ್ಟ ಯಂತ್ರ, ಅದಕ್ಕಿಂತ ಬಹಳ ಮೊದಲೇ ಕೆಂಟಕಿ ರಾಜ್ಯದ ಸಣ್ಣ ಊರುಗಳಲ್ಲಿ ಗಡಿಯಾರ ಕಟ್ಟುತ್ತ, ಬೆಳ್ಳಿಯ ಕೆಲಸ ಮಾಡುತ್ತ ಬದುಕಿದವರ ಮೇಜಿನ ಮೇಲೆ ರೂಪುಗೊಂಡಿತು. ಈ ಮೂಲವನ್ನು ಮರೆತರೆ ಬ್ಯಾಸ್ ರೀಲನ್ನು ಇಂದಿಗೂ ಏಕೆ ಹೀಗೆಯೇ ಆರಿಸಬೇಕು, ಹೀಗೆಯೇ ಹೊಂದಿಸಬೇಕು, ಹೀಗೆಯೇ ಕಾಪಾಡಬೇಕು ಎಂಬುದು ಅರ್ಥವಾಗುವುದು ಕಷ್ಟ.

ಇಲ್ಲಿ ಬ್ಯಾಸ್ ಎಂದರೆ ಸಮುದ್ರದ ಮೀನಲ್ಲ. ಉತ್ತರ ಅಮೆರಿಕದ ಪೂರ್ವಭಾಗದ ಹೊಳೆ, ಕೆರೆಗಳಿಗೆ ಸಹಜವಾದ ‘ಬ್ಲ್ಯಾಕ್ ಬ್ಯಾಸ್’ ಎಂಬ ಸಿಹಿನೀರಿನ ಗುಂಪಿನಲ್ಲಿ ಮುಖ್ಯವಾದವು ಎರಡು: ನಿಂತ ನೀರನ್ನೂ ಜೊಂಡನ್ನೂ ಬಯಸುವ ದೊಡ್ಡಬಾಯಿಯ ಲಾರ್ಜ್‌ಮೌತ್, ಕಲ್ಲುಹಾಸಿನ ಹರಿಯುವ ನೀರನ್ನು ಬಯಸುವ ಸ್ಮಾಲ್‌ಮೌತ್. ಫ್ರೆಂಚ್ ವಿಜ್ಞಾನಿ ಲಾಸೆಪೇಡ್ 1802ರಲ್ಲಿ ಈ ಎರಡನ್ನೂ ಶಾಸ್ತ್ರೀಯವಾಗಿ ವರ್ಣಿಸಿದನು. ಎರಡೂ ಬೇಟೆಯ ಮೀನುಗಳು. ಮರೆಯಲ್ಲಿ ಹೊಂಚುಹಾಕಿ ಕಿರುಮೀನುಗಳ ಮೇಲೆ ಎರಗುವುದು ಅವುಗಳ ಸ್ವಭಾವವಾದ್ದರಿಂದ, ಅವನ್ನು ಹಿಡಿಯಬೇಕೆಂದರೆ ಎರೆಯನ್ನು ದೂರದಿಂದಲೇ, ಸದ್ದಿಲ್ಲದೆ, ಆ ಮರೆಯ ಅಂಚಿಗೆ ಎಸೆಯಬೇಕಾಗುತ್ತದೆ. ಕನ್ನಡನಾಡಿನ ಹೊಳೆದಡಗಳಲ್ಲಿ ರೂಢಿಯಲ್ಲಿರುವ, ಬಿದಿರ ಕೋಲಿನ ತುದಿಗೆ ದಾರ ಕಟ್ಟಿದ ಗಾಳಕ್ಕೆ ಕೋಲು ಮತ್ತು ದಾರದ ಉದ್ದವೇ ಮಿತಿ. ಬ್ಯಾಸಿನ ಮರೆ ಆ ಮಿತಿಯನ್ನು ದಾಟಿತ್ತು.

ಹಿಡಿಯ ಒಂದು ಸುತ್ತಿಗೆ ದಾರದ ಉರುಳೆ, ಅಂದರೆ ಸ್ಪೂಲ್, ಹಲವು ಸುತ್ತು ತಿರುಗುವಂತೆ ಹಲ್ಲುಚಕ್ರಗಳನ್ನು ಜೋಡಿಸಿದ ರೀಲುಗಳು 18ನೆಯ ಶತಮಾನದ ಇಂಗ್ಲೆಂಡಿನಲ್ಲಿಯೂ ಇದ್ದವು. ಅವು ದಾರವನ್ನು ಬೇಗ ಸುತ್ತಿಕೊಳ್ಳಲು ಹುಟ್ಟಿದವು, ಎಸೆಯಲು ಹುಟ್ಟಿದವಲ್ಲ. ಕೆಂಟಕಿಯ ಪ್ಯಾರಿಸ್ ಎಂಬ ಊರಿನಲ್ಲಿ ಗಡಿಯಾರ ಮತ್ತು ಬೆಳ್ಳಿಯ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ನೈಡರ್, 19ನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ, ತನಗೂ ತನ್ನ ಗೆಳೆಯರಿಗೂ ಕಟ್ಟಿಕೊಟ್ಟ ರೀಲುಗಳ ಉದ್ದೇಶವೇ ಬೇರೆಯಾಗಿತ್ತು. ಜೀವಂತ ಕಿರುಮೀನೊಂದನ್ನು ಕೊಕ್ಕೆಗೆ ಸಿಕ್ಕಿಸಿ ಎಸೆದಾಗ ಅದರ ತೂಕವೇ ಸ್ಪೂಲನ್ನು ತಿರುಗಿಸಿ ದಾರವನ್ನು ಎಳೆದುಕೊಂಡು ಹೋಗಬೇಕು. ಸ್ಪೂಲ್ ತುಸುವೇ ಬಿಗಿಯಾದರೂ ಮೀನು ಕೊಕ್ಕೆಯಿಂದ ಹರಿದು ಬೀಳುತ್ತದೆ. ಅಷ್ಟು ಹಗುರವಾಗಿ ತಿರುಗುವ ಅಚ್ಚು, ಅಷ್ಟು ನುಣುಪಾಗಿ ಕೂಡುವ ಹಲ್ಲು, ಇವು ಕಮ್ಮಾರನ ಕೈಗೆ ಸಿಗುವಂಥವಲ್ಲ; ಜೇಬುಗಡಿಯಾರದ ಒಳಗನ್ನು ಬಲ್ಲವರಿಗೆ ಮಾತ್ರ ಅವು ಸಾಧ್ಯವಿದ್ದವು.

ಸ್ನೈಡರನ ವಿದ್ಯೆಯನ್ನು ವೃತ್ತಿಯ ಮಟ್ಟಕ್ಕೆ ಏರಿಸಿದವರು ಫ್ರಾಂಕ್‌ಫರ್ಟ್ ಊರಿನ ಜಾನಥನ್ ಮತ್ತು ಬೆಂಜಮಿನ್ ಮೀಕ್ ಸಹೋದರರು, ಅವರೂ ಗಡಿಯಾರದವರೇ. 1830ರ ದಶಕದಲ್ಲಿ ಮೇಸನ್ ಬ್ರೌನ್ ಎಂಬ ನ್ಯಾಯಾಧೀಶನೊಬ್ಬನಿಗಾಗಿ, ಅವನ ಬಳಿಯಿಂದ ಕಳೆದುಹೋದ ಸ್ನೈಡರ್ ರೀಲಿನ ಬದಲಿಗೆ ಹೊಸದೊಂದನ್ನು ಕಟ್ಟಿಕೊಟ್ಟಲ್ಲಿಂದ ಅವರ ಈ ಕೆಲಸ ಶುರುವಾಯಿತೆಂಬುದು ಪರಂಪರೆಯಿಂದ ಬಂದ ಮಾತು. ಅವರಲ್ಲಿಗೆ ಕೆಲಸ ಕಲಿಯಲು ಬಂದ ಬೆಂಜಮಿನ್ ಮೈಲಮ್ ಮುಂದೆ ಪಾಲುದಾರನಾಗಿ, ಆಮೇಲೆ ಸ್ವತಂತ್ರನಾಗಿ ದೀರ್ಘಕಾಲ ಇದೇ ಕಸುಬನ್ನು ನಡೆಸಿದನು. ಹಿತ್ತಾಳೆ ಅಥವಾ ಜರ್ಮನ್ ಸಿಲ್ವರಿನ ಮೈ, ಹಿಡಿಯ ಒಂದು ಸುತ್ತಿಗೆ ಸ್ಪೂಲಿನ ನಾಲ್ಕು ಸುತ್ತು, ಕೈಯಿಂದಲೇ ಕೊರೆದು ಉಜ್ಜಿದ ಹಲ್ಲುಚಕ್ರ: ಇವು ಆ ರೀಲುಗಳ ಲಕ್ಷಣ. ಬೆಂಜಮಿನ್ ಮೀಕನ ಕೆಲವು ರೀಲುಗಳಲ್ಲಿ ಅಚ್ಚಿನ ತುದಿಗಳು ಗಡಿಯಾರದಲ್ಲಿ ಇರುವಂತೆಯೇ ಹರಳಿನ ಮೇಲೆ ಕೂರುತ್ತಿದ್ದವು. ಅವರ ಇನ್ನೊಂದು ಪದ್ಧತಿ ಇದಕ್ಕಿಂತಲೂ ಗಮನಾರ್ಹ: ಪ್ರತಿ ಸ್ಕ್ರೂ ಮತ್ತು ಅದು ಕೂರುವ ರಂಧ್ರಕ್ಕೆ ಒಂದೇ ಗುರುತನ್ನು ಕೊರೆಯುತ್ತಿದ್ದರು, ಬಿಚ್ಚಿ ಒರೆಸಿ ಎಣ್ಣೆ ಹಾಕಿದ ಮೇಲೆ ಯಾವ ಸ್ಕ್ರೂ ಎಲ್ಲಿಂದ ಬಂದಿತೋ ಅಲ್ಲಿಗೇ ಹಿಂದಿರುಗಬೇಕಿತ್ತು. ರೀಲನ್ನು ಬಳಸುವವನು ಅದನ್ನು ಬಿಚ್ಚಿಯೇ ಬಿಚ್ಚುತ್ತಾನೆ, ಬಿಚ್ಚಲೇಬೇಕು ಎಂಬ ನಂಬಿಕೆ ಆ ಪುಟ್ಟ ಗುರುತುಗಳಲ್ಲಿದೆ. ಇಷ್ಟು ಗೌರವದಿಂದ ಗ್ರಾಹಕನನ್ನು ಕಂಡ ಕಸುಬುಗಳು ಹೆಚ್ಚಿಲ್ಲ.

ಈ ನುಣುಪಿಗೆ ತೆರಬೇಕಾದ ಬೆಲೆಯೂ ಇತ್ತು. ಎಸೆದ ಎರೆ ಗಾಳಿಯಲ್ಲಿ ವೇಗ ಕಳೆದುಕೊಂಡರೂ ಸ್ಪೂಲ್ ತನ್ನ ವೇಗದಲ್ಲೇ ತಿರುಗುತ್ತ, ಹೊರಹೋಗಲಾರದ ದಾರವನ್ನು ತನ್ನ ಸುತ್ತಲೇ ಗುಬ್ಬಿಯ ಗೂಡಿನಂತೆ ಸಿಕ್ಕುಹಾಕಿಕೊಳ್ಳುತ್ತದೆ. ಇದನ್ನೇ ಬ್ಯಾಕ್‌ಲ್ಯಾಶ್ ಎನ್ನುತ್ತಾರೆ. ಸ್ಪೂಲಿನ ಅಂಚನ್ನು ಹೆಬ್ಬೆರಳಿನಿಂದ ಹಿತವಾಗಿ ಒತ್ತಿ ವೇಗವನ್ನು ತಗ್ಗಿಸುವುದೊಂದೇ ಆಗಿನ ಉಪಾಯವಾಗಿತ್ತು, ಆ ಹದ ಬರಲು ವರ್ಷಗಳೇ ಬೇಕಾಗುತ್ತಿದ್ದವು. ಮುಂದಿನ ನೂರೈವತ್ತು ವರ್ಷಗಳ ಬಹುಪಾಲು ಆವಿಷ್ಕಾರಗಳು ಈ ಹೆಬ್ಬೆರಳಿನ ಕೆಲಸವನ್ನು ಯಂತ್ರಕ್ಕೆ ಕಲಿಸುವ ಪ್ರಯತ್ನಗಳೇ ಆಗಿವೆ.

ಕೋಲಿನ ಕಥೆ ರೀಲಿನ ಹಿಂದೆಯೇ ನಡೆಯಿತು. ಜೇಮ್ಸ್ ಹೆನ್‌ಶಲ್ ಎಂಬ ವೈದ್ಯ 1881ರಲ್ಲಿ ಪ್ರಕಟಿಸಿದ ‘ಬುಕ್ ಆಫ್ ದ ಬ್ಲ್ಯಾಕ್ ಬ್ಯಾಸ್’ ಗ್ರಂಥ, ಟ್ರೌಟ್ ಮೀನೊಂದೇ ಕುಲೀನವೆಂದು ನಂಬಿದ್ದವರ ಎದುರು ಬ್ಯಾಸಿನ ಪರವಾಗಿ ವಾದಿಸಿತು. ಕಿರುಮೀನನ್ನು ಎಸೆಯಲು ಎಂಟೂಕಾಲು ಅಡಿಯ ಹಗುರವಾದ ಕೋಲು ಸೂಕ್ತವೆಂದು ಹೆನ್‌ಶಲ್ ಪ್ರತಿಪಾದಿಸಿದನು. ಆಮೇಲೆ ಷಿಕಾಗೋ ಸುತ್ತಮುತ್ತ ತಲೆಯ ಮೇಲಿನಿಂದ ಎಸೆಯುವ ಪದ್ಧತಿಯೂ ಅದಕ್ಕೆ ಒಗ್ಗುವ ಸುಮಾರು ಆರು ಅಡಿಯ ಗಿಡ್ಡ ಕೋಲೂ ಬಂದವು. ಮಿಷಿಗನ್ ರಾಜ್ಯದ ಜೇಮ್ಸ್ ಹೆಡ್ಡನ್ ಮೊದಲಾದವರು ಮರದಲ್ಲಿ ಕೆತ್ತಿದ ಹುಸಿ ಎರೆಗಳು ಆ ಕೋಲಿಗೆ ತಕ್ಕ ತೂಕವನ್ನು ಒದಗಿಸಿದವು.

ಆ ಕಾಲದ ಉತ್ತಮ ಕೋಲುಗಳು ಸೀಳು ಬಿದಿರಿನವು. ಬಿದಿರಿನ ಗಟ್ಟಿಯಾದ ಹೊರಮೈಯನ್ನು ಮುಮ್ಮೂಲೆಯ ಸೀಳುಗಳಾಗಿ ಹೆರೆದು, ಆರನ್ನು ಕೂಡಿಸಿ ಅಂಟುಹಾಕಿ ಷಟ್ಕೋನದ ಕೋಲನ್ನು ಮಾಡುತ್ತಿದ್ದರು. ಅಮೆರಿಕದಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿದ ಪೆನ್ಸಿಲ್ವೇನಿಯಾದ ಸ್ಯಾಮ್ಯುಯೆಲ್ ಫಿಲಿಪಿ ಬಂದೂಕನ್ನೂ ಪಿಟೀಲನ್ನೂ ಕಟ್ಟುತ್ತಿದ್ದವನು. ಮೊದಮೊದಲು ಈ ಕೋಲು ಕಟ್ಟುವವರಿಗೆ ಬೇಕಾದ ಬಿದಿರು ಹೋಗುತ್ತಿದ್ದುದು ಭಾರತದಿಂದ. ಹಡಗೇರುತ್ತಿದ್ದ ಬಂದರಿನಿಂದಾಗಿ ಅದಕ್ಕೆ ಕಲ್ಕತ್ತಾ ಬಿದಿರೆಂದೇ ಹೆಸರಾಗಿತ್ತು, ಮೈಮೇಲಿನ ಸುಟ್ಟ ಕಲೆಗಳಿಂದ ಅದನ್ನು ಗುರುತಿಸುತ್ತಿದ್ದರು. ಇದೇ ಕಾಲದಲ್ಲಿ, 1873ರಲ್ಲಿ, ಭಾರತದ ನದಿಗಳಲ್ಲಿ ಗಾಳ ಹಾಕುವ ಕುರಿತು ಹೆನ್ರಿ ಸಲಿವನ್ ಥಾಮಸ್ ಬರೆದ ‘ದ ರಾಡ್ ಇನ್ ಇಂಡಿಯಾ’ ಮಂಗಳೂರಿನಲ್ಲಿ ಅಚ್ಚಾಯಿತೆಂಬುದನ್ನು ಕನ್ನಡದ ಓದುಗರು ನೆನಪಿಡಬೇಕು. 20ನೆಯ ಶತಮಾನದ ಆರಂಭದ ವೇಳೆಗೆ ಕಲ್ಕತ್ತಾ ಬಿದಿರಿನ ಜಾಗವನ್ನು ದಕ್ಷಿಣ ಚೀನಾದ ಟಾಂಕಿನ್ ಬಿದಿರು ಹಿಡಿಯಿತು. 1950ರಲ್ಲಿ ಅಮೆರಿಕ ಚೀನಾದೊಡನೆ ವ್ಯಾಪಾರವನ್ನು ನಿಷೇಧಿಸಿದಾಗ ಅದೂ ನಿಂತಿತು. ಅಷ್ಟರಲ್ಲಿ ಆರ್ಥರ್ ಹೋವಾಲ್ಡ್ ಎಂಬ ವಿಜ್ಞಾನಿ ಗಾಜಿನ ಎಳೆ ಮತ್ತು ರಾಳದಿಂದ ಮಾಡಿದ ಕೋಲನ್ನು ಶೇಕ್ಸ್‌ಪಿಯರ್ ಕಂಪನಿ ಮಾರುಕಟ್ಟೆಗೆ ತಂದಾಗಿತ್ತು. 1973ರಲ್ಲಿ ಫೆನ್‌ವಿಕ್ ಕಂಪನಿ ಗ್ರಾಫೈಟ್, ಅಂದರೆ ಇಂಗಾಲದ ಎಳೆಗಳ ಕೋಲನ್ನು ತಂದಿತು. ಕಡಿಮೆ ತೂಕದಲ್ಲಿ ಹೆಚ್ಚು ಬಿಗುಪು ಅದರ ಗುಣ, ಪೆಟ್ಟುಬಿದ್ದರೆ ಮುರಿಯುವುದು ದೋಷ.

ರೀಲಿನಲ್ಲಿ ಮೊದಲು ನೀಗಿದ್ದು ದಾರವನ್ನು ಬೆರಳಿನಿಂದ ಹರಡುವ ಕಷ್ಟ. ಮಿಷಿಗನ್ನಿನ ಕ್ಯಾಲಮಜೂ ಊರಿನ ವಿಲಿಯಂ ಶೇಕ್ಸ್‌ಪಿಯರ್ 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಲೆವೆಲ್‌ವೈಂಡ್ ರೀಲಿನಲ್ಲಿ, ಅತ್ತಿತ್ತ ಓಡಾಡುವ ಕಣ್ಣೊಂದು ದಾರವನ್ನು ಸ್ಪೂಲಿನ ಉದ್ದಕ್ಕೂ ಸಮನಾಗಿ ಸುತ್ತುತ್ತಿತ್ತು. ಇನ್ನೂ ದೊಡ್ಡ ತಿರುವು ಸ್ವೀಡನ್ನಿನ ಸ್ವಾಂಗ್‌ಸ್ಟಾದಿಂದ ಬಂತು. ಅಲ್ಲಿನ ಆಬು ಕಂಪನಿ 1921ರಲ್ಲಿ ಗಡಿಯಾರದ ಕಾರ್ಖಾನೆಯಾಗಿ ಆರಂಭವಾಗಿ, ಟ್ಯಾಕ್ಸಿ ಮೀಟರುಗಳನ್ನು ಮಾಡಿ, ಆಮೇಲೆ ರೀಲಿಗೆ ಹೊರಳಿತ್ತು. 1950ರ ದಶಕದಲ್ಲಿ ಅದು ಹೊರತಂದ ಅಂಬಾಸಡರ್ ರೀಲಿನಲ್ಲಿ, ಎಸೆಯುವಾಗ ಹಿಡಿ ತಿರುಗದೆ ಸ್ಪೂಲ್ ಮಾತ್ರ ತಿರುಗುತ್ತಿತ್ತು, ವೇಗ ಹೆಚ್ಚಿದಷ್ಟೂ ಹೊರಕ್ಕೆ ಸರಿದು ಉಜ್ಜುವ ಪುಟ್ಟ ತುಂಡುಗಳು ಹೆಬ್ಬೆರಳಿಗೆ ನೆರವಾಗುತ್ತಿದ್ದವು. ಟೆಕ್ಸಾಸ್‌ನ ಆರ್. ಡಿ. ಹಲ್ ಸ್ಪೂಲ್ ತಿರುಗುವ ಅಗತ್ಯವನ್ನೇ ತೆಗೆದುಹಾಕಿ, ಮುಚ್ಚಳದೊಳಗಿನ ನಿಶ್ಚಲ ಸ್ಪೂಲಿನಿಂದ ದಾರ ಸುರುಳಿಬಿಚ್ಚಿ ಹೊರಡುವ ರೀಲನ್ನು ರೂಪಿಸಿದನು. ತೈಲಬಾವಿಗಳಿಗೆ ಸಿಡಿಗುಂಡು ಮಾಡುತ್ತಿದ್ದ ಟಲ್ಸಾದ ಕಂಪನಿಯೊಂದು 1949ರಿಂದ ಅದನ್ನು ತಯಾರಿಸಿತು, ಮುಂದೆ ಜೆಬ್ಕೋ ಎಂದು ಹೆಸರಾಯಿತು. ಹಲ್ ಕೂಡ ಗಡಿಯಾರ ರಿಪೇರಿ ಮಾಡುತ್ತಿದ್ದವನೇ. ಸ್ನೈಡರನಿಂದ ಹಲ್‌ನವರೆಗೆ ಮತ್ತೆ ಮತ್ತೆ ಅದೇ ಕಸುಬಿನವರು ಕಾಣಿಸುವುದನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

ಸಲಕರಣೆಯ ಆಯ್ಕೆ ಒಂದು ಶಾಸ್ತ್ರವಾಗಿ ಬೆಳೆದದ್ದು ಅಣೆಕಟ್ಟುಗಳ ನಂತರ. 1933ರಲ್ಲಿ ಸ್ಥಾಪನೆಯಾದ ಟೆನೆಸಿ ಕಣಿವೆ ಪ್ರಾಧಿಕಾರ ಮತ್ತು ಸೇನಾ ಎಂಜಿನಿಯರುಗಳು ಕಟ್ಟಿದ ಜಲಾಶಯಗಳಲ್ಲಿ ಮುಳುಗಿದ ಮರಗಳ ನಡುವೆ ಬ್ಯಾಸ್ ಹೆಚ್ಚಿತು. ಅಂಥ ನೀರಿನಲ್ಲಿ, ಅರ್ಕನ್ಸಾ ರಾಜ್ಯದ ಬೀವರ್ ಜಲಾಶಯದಲ್ಲಿ, ರೇ ಸ್ಕಾಟ್ 1967ರಲ್ಲಿ ಸ್ಪರ್ಧೆಯೊಂದನ್ನು ನಡೆಸಿ ಮರುವರ್ಷ ಬ್ಯಾಸ್ ಸಂಘವನ್ನು ಕಟ್ಟಿದನು. ಮರದ ಕೊಂಬೆಯಿಂದ ಮೀನನ್ನು ಎಳೆದು ತೆಗೆಯಬಲ್ಲ ಬಿಗಿಯಾದ ಕೋಲು ಒಂದು ಬಗೆಯ ಎರೆಗೆ, ಮೆತ್ತಗೆ ಬಾಗುವ ಕೋಲು ಇನ್ನೊಂದಕ್ಕೆ ಎಂಬ ವಿಂಗಡಣೆ ಆಗ ಖಚಿತವಾಯಿತು. ಕೋಲು ಎಷ್ಟು ಭಾರ ತಡೆಯುತ್ತದೆ ಎಂಬುದು ಅದರ ‘ಪವರ್’, ಎಲ್ಲಿಂದ ಬಾಗಲು ತೊಡಗುತ್ತದೆ ಎಂಬುದು ‘ಆ್ಯಕ್ಷನ್’; ಆಯ್ಕೆ ಈ ಎರಡರ ಮೇಲೆ ನಿಲ್ಲಬೇಕೇ ಹೊರತು ಬೆಲೆಯ ಮೇಲಲ್ಲ. ಜಾರ್ಜಿಯಾದ ಜಾರ್ಜ್ ಪೆರಿ 1932ರ ಜೂನ್ 2ರಂದು ಹಿಡಿದ 22 ಪೌಂಡ್ 4 ಔನ್ಸ್ ತೂಕದ ಬ್ಯಾಸ್ ಇಂದಿಗೂ ವಿಶ್ವದಾಖಲೆಯ ಪಟ್ಟಿಯಲ್ಲಿದೆ. ಅಂದು ಅವನ ಬಳಿ ಇದ್ದದ್ದು ಗೆಳೆಯನೊಡನೆ ಹಂಚಿಕೊಂಡ ಒಂದೇ ಕೋಲು ಮತ್ತು ಅಗ್ಗದ ರೀಲು.

ಹೊಂದಿಸುವಿಕೆಯ ಇಂದಿನ ಕ್ರಮದಲ್ಲಿ ಕೆಂಟಕಿಯ ಹಳೆಯ ಸಮಸ್ಯೆಯೇ ಇದೆ. ದಾರವನ್ನು ಸ್ಪೂಲಿನ ಅಂಚಿಗಿಂತ ತುಸು ಕೆಳಗಿನವರೆಗೆ ಮಾತ್ರ ತುಂಬಬೇಕು. ಎರೆಯನ್ನು ಕೋಲಿನ ತುದಿಯಿಂದ ಇಳಿಬಿಟ್ಟು, ಅದು ನಿಧಾನವಾಗಿ ಇಳಿದು ನೆಲ ಮುಟ್ಟಿದೊಡನೆ ಸ್ಪೂಲ್ ನಿಲ್ಲುವವರೆಗೆ ಪಕ್ಕದ ಗುಬುಟನ್ನು ಬಿಗಿಗೊಳಿಸಬೇಕು. ಎರೆಯ ತೂಕ ಬದಲಾದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. 1980ರ ದಶಕದಿಂದ ಜಪಾನಿನ ಡೈವಾ ಮೊದಲಾದವರು ತಂದ ಅಯಸ್ಕಾಂತದ ತಡೆ, ತಿರುಗುವ ಲೋಹದಲ್ಲಿ ಹುಟ್ಟುವ ವಿದ್ಯುತ್ ಸುಳಿಗಳಿಂದ ಸ್ಪೂಲನ್ನು ಮುಟ್ಟದೆಯೇ ನಿಧಾನಗೊಳಿಸುತ್ತದೆಯಾದರೂ ಹೆಬ್ಬೆರಳಿಗೆ ಪೂರ್ತಿ ಬಿಡುವು ಸಿಕ್ಕಿಲ್ಲ.

ಪಾಲನೆಯಲ್ಲಿ ಕಾಲ ಒಂದಿಷ್ಟು ಕರುಣೆ ತೋರಿದೆ. ರೇಷ್ಮೆಯ ದಾರವನ್ನು ಪ್ರತಿ ಬಾರಿಯೂ ಬಿಚ್ಚಿ ಒಣಗಿಸದಿದ್ದರೆ ಅದು ಕೊಳೆಯುತ್ತಿತ್ತು. 1938ರಲ್ಲಿ ಡ್ಯೂಪಾಂಟ್ ಕಂಪನಿ ಪ್ರಕಟಿಸಿದ ನೈಲಾನ್ ಆ ದುಡಿಮೆಯನ್ನು ಕೊನೆಗಾಣಿಸಿತು. ಉಳಿದ ನಿಯಮಗಳು ಗಡಿಯಾರದವರ ಕಾಲದವೇ. ಬೇರಿಂಗಿಗೆ ತೆಳು ಎಣ್ಣೆಯ ಒಂದೇ ಹನಿ, ಹಲ್ಲುಚಕ್ರಕ್ಕೆ ಮಾತ್ರ ಗ್ರೀಸು. ಹೆಚ್ಚಾದ ಎಣ್ಣೆ ದೂಳನ್ನು ಹಿಡಿದು ಅಚ್ಚನ್ನು ಸವೆಸುತ್ತದೆ. ಮೀನು ಎಳೆದಾಗ ದಾರವನ್ನು ಹದವಾಗಿ ಬಿಟ್ಟುಕೊಡುವ ಡ್ರ್ಯಾಗ್ ಎಂಬ ಭಾಗವನ್ನು ರೀಲು ಎತ್ತಿಡುವಾಗ ಸಡಿಲಿಸಬೇಕು. ಬಿಗಿಯಾಗಿಯೇ ಬಿಟ್ಟರೆ ಅದರ ಬಿಲ್ಲೆಗಳು ಒತ್ತಿ ಅಂಟಿಕೊಂಡು, ಮುಂದಿನ ಸಲ ದಾರ ಜಗ್ಗಿ ಜಗ್ಗಿ ಹೊರಬರುತ್ತದೆ, ದೊಡ್ಡ ಮೀನಿನ ಮೊದಲ ಎಳೆತಕ್ಕೇ ಹರಿಯುತ್ತದೆ.