ಅಗಸಿಯ ಕೀಲಿ

ವಿಜಯಪುರದಿಂದ ಅಥಣಿಯ ದಾರಿ ಹಿಡಿದು ತಿಕೋಟೆಯ ಕಡೆಗೆ ಹೊರಟವರಿಗೆ, ಊರು ಮುಗಿಯಿತೆನ್ನುವಷ್ಟರಲ್ಲಿ ತೊರವಿ ಸಿಗುತ್ತದೆ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು ಇದು. ಎರಡನೆಯ ಇಬ್ರಾಹಿಂ ಆದಿಲಶಾಹ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸಹೊರಟುದು ಇದರ ನೆರೆಯಲ್ಲಿಯೇ. ಈಗ ಅಲ್ಲಿ ಹೆಣ್ಣುಮಕ್ಕಳ ವಿಶ್ವವಿದ್ಯಾಲಯವಿದೆ. 2003ರಲ್ಲಿ ಸ್ಥಾಪಿತವಾಗಿ, 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನು ಪಡೆದ ಸಂಸ್ಥೆ. ತಿಕೋಟೆ, ಬಬಲೇಶ್ವರಗಳ ಕಡೆಯ ಒಕ್ಕಲು ಮನೆಗಳಿಂದ ಪುಸ್ತಕದ ಚೀಲ ಹೆಗಲಿಗೇರಿಸಿ ಬರುವ ಹುಡುಗಿಯರನ್ನು ಕಂಡಾಗ ನನ್ನಂಥ ಮೇಷ್ಟರಿಗೆ ಸಂತೋಷವಾಗುವುದು ಸಹಜ. ಆದರೆ ಮಗಳನ್ನು ಓದಲು ಕಳಿಸುವ ತಂದೆ ಮೊದಲು ಕೇಳುವುದು ಪಾಠದ ಮಾತನ್ನಲ್ಲ. “ಅಲ್ಲಿ ಕಾಯೋರು ಯಾರದಾರ್ರೀ?” ಎಂಬುದೇ ಅವನ ಪ್ರಶ್ನೆ.

ಅಮೇರಿಕೆಯಲ್ಲಿ ಈ ಪ್ರಶ್ನೆಗೆ ಒಂದು ನೇರವಾದ ಉತ್ತರವಿದೆ. ಅಲ್ಲಿಯ ಅನೇಕ ವಿಶ್ವವಿದ್ಯಾಲಯಗಳಿಗೆ ತಮ್ಮದೇ ಆದ ಪೊಲೀಸು ಇಲಾಖೆಗಳಿವೆ. 1894ರಲ್ಲಿ ಯೇಲ್ ವಿಶ್ವವಿದ್ಯಾಲಯಕ್ಕೆಂದು ಇಬ್ಬರು ಪೊಲೀಸರನ್ನು ನಿಯಮಿಸಿದುದು ಇದಕ್ಕೆ ನಾಂದಿ. ಇಂಥ ಇಲಾಖೆಗಳಿಗೆ ಅಲ್ಲಿ ಹೆಂಗಸರೂ ಮುಖ್ಯಸ್ಥರಾಗಿದ್ದಾರೆ. ನಮ್ಮಲ್ಲಿ ಈ ಪದ್ಧತಿ ಇಲ್ಲ. ಕಾನೂನಿನ ಪೊಲೀಸರು ಗೇಟಿನ ಹೊರಗೆ. ಒಳಗೆ ಕಾವಲುಗಾರ, ವಸತಿಗೃಹದ ವಾರ್ಡನ್ನು. ಹಾಗಾದರೆ ಕಾಯುವ ಅಧಿಕಾರವೆಂಬುದು ನಮ್ಮ ನಾಡಿನಲ್ಲಿ ಹೆಣ್ಣಿನ ಕೈಗೆ ಬಂದುದೇ ಇಲ್ಲವೆ?

ಬಂದುದುಂಟು. ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ತುಗೀಜ ಕುದುರೆ ವ್ಯಾಪಾರಿ ನೂನಿಜ್, ಅರಮನೆಯ ರಾತ್ರಿಯ ಕಾವಲು ಹೆಂಗಸರದೆಂದು ಬರೆದಿಟ್ಟಿದ್ದಾನೆ. ಅವರಲ್ಲಿ ಲೆಕ್ಕ ಬರೆಯುವವರೂ, ಕುಸ್ತಿ ಆಡುವವರೂ ಇದ್ದರಂತೆ. ಕೌಟಿಲ್ಯನೂ ಹಾಸಿಗೆಯಿಂದೆದ್ದ ಅರಸನನ್ನು ಬಿಲ್ಲು ಹಿಡಿದ ಸ್ತ್ರೀಯರ ಗಣವು ಎದುರುಗೊಳ್ಳಬೇಕೆಂದು ವಿಧಿಸಿದ್ದಾನೆ. ಆದುದರಿಂದ ಇದು ಹಳೆಯ ವ್ಯವಸ್ಥೆಯೇ ಸರಿ. ಆದರೆ ಈ ಕಾವಲೆಲ್ಲ ಅಂತಃಪುರದ ಗೋಡೆಯ ಒಳಗಿನದು. ಊರ ಅಗಸಿಯ ಕೀಲಿ ಅವರ ಸೊಂಟದಲ್ಲಿರಲಿಲ್ಲ.

ಅಗಸಿಯ ಕೀಲಿ ಹಿಡಿದವಳೆಂದರೆ ನಮ್ಮೂರಿನವರಿಗೆ ಥಟ್ಟನೆ ನೆನಪಾಗುವವಳು ಚಾಂದಬೀಬಿ. ಅವಳ ಹೆಸರಿನ ಚಾಂದ ಬಾವಡಿ ಇಂದಿಗೂ ಕೋಟೆಯೊಳಗಿದೆ. ಒಮ್ಮೆ ತರಗತಿಯಲ್ಲಿ ಅವಳ ಕಥೆ ಹೇಳುತ್ತಿದ್ದಾಗ ಬಬಲೇಶ್ವರದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ, ಚಾಂದಬೀಬಿಗೆ ಹುದ್ದೆ ಏನಿತ್ರಿ?” ಎಂದು ಕೇಳಿದಳು. ತರಗತಿ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದವನಿಗೂ ಆ ಪ್ರಶ್ನೆ ಹೊಳೆದಿರಲಿಲ್ಲವಲ್ಲ!

ಅಹಮದನಗರದ ಹುಸೇನ ನಿಜಾಮಶಾಹನ ಮಗಳು ಅವಳು. ವಿಜಾಪುರದ ಅಲಿ ಆದಿಲಶಾಹನ ಮಡದಿ. 1580ರಲ್ಲಿ ಅಲಿ ಕೊಲೆಯಾದಾಗ ಪಟ್ಟಕ್ಕೆ ಬಂದ ಇಬ್ರಾಹಿಂನಿಗೆ ಒಂಬತ್ತು ವರ್ಷ. ಮಗುವನ್ನೂ ಮನೆಯನ್ನೂ ಕಾಯುವ ಭಾರ ಚಾಂದಬೀಬಿಯ ಮೇಲೆ ಬಿತ್ತು. ಆದರೆ ರಾಜ್ಯದ ಆಡಳಿತ ಮೊದಲು ಕಾಮಿಲಖಾನನ ಕೈಯಲ್ಲಿ, ಆಮೇಲೆ ಕಿಶ್ವರಖಾನನ ಕೈಯಲ್ಲಿ. ತನ್ನನ್ನು ಪ್ರಶ್ನಿಸಿದ ರಾಣಿಯನ್ನು ಕಿಶ್ವರಖಾನ ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟ. ಹಬಶಿ ಸರದಾರ ಇಖಲಾಸಖಾನ ತಿರುಗಿಬಿದ್ದು ಅವನನ್ನು ಓಡಿಸಿದ ಮೇಲೆ ರಾಣಿ ಮರಳಿ ಬಂದಳು. ವೈರಿಗಳು ವಿಜಾಪುರವನ್ನು ಮುತ್ತಿದಾಗ ಅವಳು ಬೇಕಾದಳು. ಮುತ್ತಿಗೆ ತೆರವಾದ ಮೇಲೆ ಆಡಳಿತ ದಿಲಾವರಖಾನನ ಪಾಲಾಯಿತು. ಅವಳು ತವರಿಗೆ ಹೋದಳು.

ತವರಿನಲ್ಲಿಯೂ ಅದೇ ಆಯಿತು. 1595ರ ಕೊನೆಗೆ ಅಕಬರನ ಮಗ ಮುರಾದನ ಸೈನ್ಯ ಅಹಮದನಗರವನ್ನು ಮುತ್ತಿತು. ಗೋಡೆಯ ಬುಡದಲ್ಲಿ ಸುರಂಗ ತೋಡಿ ಮದ್ದು ತುಂಬಿದ್ದರು. ಕೆಲವನ್ನು ಒಳಗಿನವರು ಪತ್ತೆಹಚ್ಚಿ ಬರಿದುಮಾಡಿದರೂ ಒಂದು ಸಿಡಿದು ಗೋಡೆ ಬಾಯ್ದೆರೆಯಿತು. ಸರದಾರರು ಹಿಂಜರಿದಾಗ ಚಾಂದಬೀಬಿ ಮುಖಕ್ಕೆ ಪರದೆ ಹಾಕಿಕೊಂಡು, ಕತ್ತಿ ಹಿಡಿದು ಆ ಬಿರುಕಿನಲ್ಲಿ ನಿಂತಳು. ಸಂಜೆಗೆ ಮೊಗಲರು ಹಿಂಜರಿದರು. ಬೆಳಗಾಗುವುದರೊಳಗೆ ಗೋಡೆ ಮತ್ತೆ ಎದ್ದಿತ್ತು. 1596ರಲ್ಲಿ ವರ್ಹಾಡ ಪ್ರಾಂತವನ್ನು ಬಿಟ್ಟುಕೊಟ್ಟು ಸಂಧಿ ಮಾಡಿಕೊಂಡಳು. ನಾಲ್ಕು ವರ್ಷಗಳ ಮೇಲೆ, 1600ರಲ್ಲಿ, ಶತ್ರುಗಳೊಡನೆ ಮಾತುಕತೆ ನಡೆಸಿದಳೆಂಬ ಸಂಶಯದಿಂದ ಅವಳದೇ ಜನ ಅವಳನ್ನು ಕೊಂದರು.

ವೀರರಾಣಿಯೆಂದು ನಾವು ಹಾಡಿ ಹೊಗಳುವುದೇನೋ ಸರಿ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಗೋಡೆ ಒಡೆದಾಗ ಅವಳು ಸೇನಾಪತಿ, ಗೋಡೆ ಎದ್ದ ಮೇಲೆ ಬರಿಯ ವಿಧವೆ ಎನ್ನಬೇಕಾಗುತ್ತದೆ.

ಹುದ್ದೆಯ ಮಾತು ತೀರ ಈಚಿನದು. 1972ರಲ್ಲಿ ಕಿರಣ ಬೇಡಿಯವರು ಭಾರತೀಯ ಪೊಲೀಸು ಸೇವೆಗೆ ಸೇರಿದ ಮೊದಲ ಮಹಿಳೆಯಾದರು. ಮರುವರ್ಷ ಕೋಳಿಕೋಡಿನಲ್ಲಿ ದೇಶದ ಮೊದಲ ಮಹಿಳಾ ಪೊಲೀಸು ಠಾಣೆ ತೆರೆಯಿತು. 1975ರಲ್ಲಿ ಜೀಜಾ ಹರಿಸಿಂಗ್ ಅವರು ಕರ್ನಾಟಕದ ಸೇವೆಗೆ ಬಂದರು. ದಕ್ಷಿಣ ಭಾರತದ ಮೊದಲ ಮಹಿಳಾ ಐಪಿಎಸ್ ಅಧಿಕಾರಿಯೆಂದು ಅವರಿಗೆ ಹೆಸರು. ಡೈರೆಕ್ಟರ್ ಜನರಲ್ ದರ್ಜೆಯವರೆಗೂ ಏರಿದರು. ರಾಜ್ಯದ ಇಡೀ ಪೊಲೀಸು ಪಡೆಗೆ ಹೆಣ್ಣೊಬ್ಬಳು ಮುಖ್ಯಸ್ಥಳಾಗಲು ಮಾತ್ರ 2017ರ ಅಕ್ಟೋಬರ 31 ಬರಬೇಕಾಯಿತು. 1983ನೆಯ ತಂಡದ ನೀಲಮಣಿ ರಾಜು ಅವರು ಅಂದು ಅಧಿಕಾರ ವಹಿಸಿಕೊಂಡು 2020ರ ಜನವರಿಯವರೆಗೆ ಆ ಸ್ಥಾನದಲ್ಲಿದ್ದರು. ಸೇವೆಯ ಹಿರಿತನದಿಂದ, ದಿನ ತುಂಬಿ, ಬಂದ ಹುದ್ದೆ. ಯಾವ ಗೋಡೆಯೂ ಬೀಳಬೇಕಾಗಲಿಲ್ಲ. ನನಗೆ ಇದೇ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ವಿದ್ಯಾಪೀಠದ ಅಂಗಳದಲ್ಲಿ ಹಾಗಾಗಲಿಲ್ಲ. ಅದೇ 2017ರ ಸಪ್ಟೆಂಬರಿನಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳನ್ನು ಪುಂಡರು ಪೀಡಿಸಿದರು. ಬೀದಿದೀಪ ಹಾಕಿರಿ, ಕಾವಲು ಬಿಗಿಮಾಡಿರಿ ಎಂದು ಹುಡುಗಿಯರು ಮುಖ್ಯದ್ವಾರದಲ್ಲಿ ಕುಳಿತರು, ಲಾಠಿಗಳು ಬಿದ್ದವು. ಅಲ್ಲಿ ಶಿಸ್ತು, ಕಾವಲುಗಳ ಹೊಣೆ ಮುಖ್ಯ ಪ್ರಾಕ್ಟರರದು. ಅವರು ರಾಜೀನಾಮೆ ಕೊಟ್ಟ ಮೇಲೆ ವೈದ್ಯಶಾಸ್ತ್ರದ ಪ್ರಾಧ್ಯಾಪಕಿ ರೊಯಾನಾ ಸಿಂಗ್ ಅವರನ್ನು ಆ ಸ್ಥಾನಕ್ಕೆ ತಂದರು. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ನೂರೊಂದನೆಯ ವರ್ಷದಲ್ಲಿ ದೊರೆತ ಮೊದಲ ಮಹಿಳಾ ಮುಖ್ಯ ಪ್ರಾಕ್ಟರ್ ಅವರು. ಪ್ರಾಕ್ಟರ್ ಎಂದರೆ ಪೊಲೀಸನಲ್ಲ, ನಿಜ. ಆದರೂ ಅಮೇರಿಕೆಯ ಆ ಮುಖ್ಯಸ್ಥೆಯರಿಗೆ ನಮ್ಮಲ್ಲಿ ತೀರ ಹತ್ತಿರದ ಹುದ್ದೆ ಇದೇ.

ಹುದ್ದೆ ಕೇಳಿದ ಆ ಹುಡುಗಿ ಈಗ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾಳೆ. ದೈಹಿಕ ಪರೀಕ್ಷೆಗೆಂದು ನಸುಕಿನ ಐದಕ್ಕೇ ಎದ್ದು ಊರ ದಾರಿಯಲ್ಲಿ ಓಡುತ್ತಾಳಂತೆ. ಒಬ್ಬಳೇ ಹೋಗಬೇಡವೆಂದು ಅವಳ ಅಪ್ಪ ಕೈಯಲ್ಲಿ ಬ್ಯಾಟರಿ ಹಿಡಿದು ಸೈಕಲ್ ತುಳಿಯುತ್ತ ಹಿಂದೆಯೇ ಬರುತ್ತಾನೆ.