ಪೆರುವಿನ ಹಕ್ಕಿ, ತಿಪಟೂರಿನ ತೆಂಗು

ಪೆರು ದೇಶದ ದ್ವೀಪಗಳ ನೀರುಕಾಗೆಗಳಿಗೂ ತಿಪಟೂರಿನ ತೆಂಗಿಗೂ ಏನು ನಂಟು? 1877ನ್ನು ಕೇಳಬೇಕು. ಆ ವರ್ಷ ಪೆರುವಿನ ಕಡಲು ವಿಪರೀತ ಬಿಸಿಯಾಯಿತು. ಇಂಥ ಎಲ್ ನಿನೊ ವರ್ಷಗಳಲ್ಲಿ ತಣ್ಣೀರಿನ ಆಂಚೊವಿ ಮೀನು ಆಳಕ್ಕಿಳಿಯುತ್ತದೆ. ಹಕ್ಕಿಗಳು ಮರಿಗಳನ್ನು ಗೂಡಿನಲ್ಲೇ ಬಿಟ್ಟು ಹೊರಡುತ್ತವೆ, ಲಕ್ಷಗಟ್ಟಲೆ ಸಾಯುತ್ತವೆ.

ಮೈಸೂರು ಸೀಮೆಯಲ್ಲಿ 1876ರಲ್ಲೇ ಮಳೆ ಕೈಕೊಟ್ಟಿತ್ತು. ಮರುವರ್ಷದ ಮುಂಗಾರೂ ಸೋತಿತು. ಹೆಚ್ಚು ಬೆಂದ ಜಿಲ್ಲೆಗಳಲ್ಲಿ ತುಮಕೂರೂ ಒಂದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನ 1881ಕ್ಕೆ ಸುಮಾರು 42 ಲಕ್ಷ.

ಎರಡೂ ಸಾವುಗಳ ಹಿಂದೆ ಒಂದೇ ಕಡಲಿದೆಯೆಂದು ಆಗ ಯಾರಿಗೆ ಗೊತ್ತು! ಗಿಲ್ಬರ್ಟ್ ವಾಕರ್ 1924ರಲ್ಲಿ ವಾಯುಭಾರದ ತೂಗುಯ್ಯಾಲೆಯನ್ನು ಗುರುತಿಸಿದರು. ಅದನ್ನು ಕಡಲಿನ ಬಿಸಿಗೆ ಯಾಕೋಬ್ ಬ್ಯರ್ಕ್‌ನೆಸ್ ಜೋಡಿಸಿದ್ದು 1969ರಲ್ಲಿ. ಹಾಗೆಂದು ಲೆಕ್ಕ ಸಲೀಸಲ್ಲ: 1997ರಲ್ಲಿ ಆ ಕಡಲು ಕಾದಿದ್ದರೂ ಭಾರತದ ಮುಂಗಾರು ಕೈಬಿಡಲಿಲ್ಲ.

ಹಕ್ಕಿಯ ಹಸಿವು ತಿಂಗಳುಗಳಲ್ಲೇ ಕಾಣುತ್ತದೆ. ತೆಂಗು ನಿಧಾನ. ಹೊಂಬಾಳೆ ಒಡೆದು ಕಾಯಿ ಬಲಿಯಲು ಒಂದು ವರ್ಷ. ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಅಟ್ಟಗಳಲ್ಲಿ ಅದು ಉಂಡೆ ಕೊಬ್ಬರಿಯಾಗಲು ಇನ್ನೂ ಹತ್ತು ಹನ್ನೆರಡು ತಿಂಗಳು. ಬರದ ವರ್ಷದ ಹೊಂಬಾಳೆ ತಿಪಟೂರಿನ ಹರಾಜಿಗೆ ಬರುವ ಹೊತ್ತಿಗೆ ಆ ದ್ವೀಪಗಳಲ್ಲಿ ಹೊಸ ಮರಿಗಳು ಎದ್ದಿರುತ್ತವೆ.